ಹಾರ್ಡ್‌ವೇರ್ ಕಂಪ್ರೆಸರ್ ಮತ್ತು ಗೇಟ್: ಮುದ್ರಿಸುವಾಗಲೇ ಹಾಕಬೇಕೆ, ಆಮೇಲೆ ಹಾಕಬೇಕೆ?

ಮಂದ್ರಸ್ಥಾಯಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನನ್ನದೊಂದು ಚಿಕ್ಕ ಧ್ವನಿಮುದ್ರಣ ಕೋಣೆ ಇದೆ. ಹೆಚ್ಚಾಗಿ ಭಾವಗೀತೆ, ದೇವರನಾಮ, ಆಗಾಗ ಕಛೇರಿ ಮಾದರಿಯ ಮುದ್ರಣಗಳು ನಡೆಯುತ್ತವೆ. ಈವರೆಗೆ ಎಲ್ಲವನ್ನೂ ಕಂಪ್ಯೂಟರಿನೊಳಗಿನ ಪ್ಲಗಿನ್‌ಗಳಲ್ಲೇ (ಸಾಫ್ಟ್‌ವೇರ್ ಉಪಕರಣಗಳಲ್ಲೇ) ಮುಗಿಸುತ್ತಿದ್ದೆ. ಈಚೆಗೆ ಎರಡು ಚಾನೆಲ್‌ಗಳ ಹಳೆಯ ವಿಸಿಎ (ವೋಲ್ಟೇಜಿನಿಂದ ಮಟ್ಟ ನಿಯಂತ್ರಿಸುವ) ಕಂಪ್ರೆಸರ್, ಅಂದರೆ ಜೋರಾದ ಸದ್ದನ್ನು ತಗ್ಗಿಸುವ ಯಂತ್ರ, ಒಂದು ಕಡಿಮೆ ಬೆಲೆಗೆ ಸಿಕ್ಕಿತು; ಪ್ರತಿ ಚಾನೆಲ್‌ನಲ್ಲೂ ಒಂದು ಗೇಟ್, ಅಂದರೆ ಒಂದು ಮಟ್ಟಕ್ಕಿಂತ ಮೆಲ್ಲನೆಯ ಸದ್ದನ್ನು ಮುಚ್ಚಿಬಿಡುವ ಭಾಗ, ಇದೆ. ಮೈಕ್ ಪ್ರಿಆಂಪ್ ಮತ್ತು ಇಂಟರ್‌ಫೇಸ್ ನಡುವೆ ಅದನ್ನು ಸೇರಿಸಿದ್ದೇನೆ.

ಗಾಯನಕ್ಕೆ ಅದು ಒಪ್ಪುತ್ತಿದೆ, ಮೃದಂಗಕ್ಕೆ ಒಪ್ಪುತ್ತಿಲ್ಲ. ಹೊರಗಿನ ಸದ್ದು ಒಳಗೆ ಬರದಿರಲೆಂದು ಗೇಟ್ ಹಾಕಿದರೆ ಎಡಗೈಯ ಗುಮ್ಕಿ ನಾದದ ಕೊನೆಯೇ ತುಂಡಾಗುತ್ತದೆ, ಥ್ರೆಶೋಲ್ಡ್ (ಗೇಟ್ ತೆರೆಯುವ ಮಟ್ಟ) ಇಳಿಸಿದರೆ ಗೇಟ್ ಬಾಯಿ ತೆರೆದು ಮುಚ್ಚಿ ಪಟಪಟನೆ ಸದ್ದು ಮಾಡುತ್ತದೆ. ಹೀಗಿರುವಾಗ ಈ ಯಂತ್ರದ ಮೂಲಕವೇ ಮುದ್ರಿಸಬೇಕೆ, ಅಥವಾ ಮೊದಲು ಹಾಗೆಯೇ ಮುದ್ರಿಸಿಕೊಂಡು ಮಿಕ್ಸಿಂಗ್ ಹೊತ್ತಿನಲ್ಲಿ ಹೊರಗೆ ಕಳಿಸಿ ವಾಪಸು ತರಬೇಕೆ? ಅನುಭವಿಗಳು ದಯವಿಟ್ಟು ತಿಳಿಸಿ.

ಬೆಸುಗೆಕಡ್ಡಿ

ಮುದ್ರಿಸುವಾಗ ಗೇಟ್ ಬೇಡವೇ ಬೇಡ. ಕಂಪ್ರೆಸರ್ ಹಾಕಿದ್ದು ಸ್ವಲ್ಪ ಹೆಚ್ಚಾದರೂ ಧ್ವನಿ ಫೈಲಿನಲ್ಲಿ ಇರುತ್ತದೆ. ಗೇಟ್ ಕತ್ತರಿಸಿದ್ದು ಎಲ್ಲಿಯೂ ಇರುವುದಿಲ್ಲ.

ಶ್ರುತಿಪೆಟ್ಟಿಗೆ

ಬೆಸುಗೆಕಡ್ಡಿಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಅದರ ಜೊತೆಗೆ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಗೇಟ್ ಎಂಬ ಉಪಕರಣವು ಎರಡು ಹೊಡೆತಗಳ ನಡುವೆ ಬೇಡದ ಸದ್ದು ಮಾತ್ರ ಇರುತ್ತದೆ ಎಂದು ನಂಬಿಕೊಂಡು ಕೆಲಸ ಮಾಡುತ್ತದೆ. ರಾಕ್ ಸಂಗೀತದ ಸ್ನೇರ್ ಡ್ರಮ್ಮಿಗೆ ಆ ನಂಬಿಕೆ ಸರಿ. ಮೃದಂಗದಲ್ಲಿ ಹೊಡೆತದ ನಂತರ ಉಳಿಯುವ ಅನುರಣನವೇ ಅರ್ಧ ಸಂಗೀತ. ಬಲ ಮುಚ್ಚಿಗೆಯ ನಡುವಿನ ಕಪ್ಪು ಲೇಪವಾದ ಕರಣೆಯಿಂದಾಗಿ ಅದರ ಮೇಲ್‌ಸ್ವರಗಳು ಮೂಲ ಸ್ವರದ ಪೂರ್ಣಾಂಕದ ಗುಣಕಗಳಿಗೆ ಹತ್ತಿರವಾಗಿ ನಿಲ್ಲುತ್ತವೆ ಎಂಬುದನ್ನು ಸಿ. ವಿ. ರಾಮನ್ ಅವರು 1920ರಷ್ಟು ಹಿಂದೆಯೇ ಬರೆದು ತೋರಿಸಿದ್ದಾರೆ. ಅಂದರೆ ಆ ಬಾಲವು ಗದ್ದಲವಲ್ಲ, ಶ್ರುತಿಗೆ ಕೂಡಿದ ನಾದ. ಅದನ್ನು ಕತ್ತರಿಸಿದರೆ ಉಳಿಯುವುದು ತೊಗಲಿನ ಮೇಲೆ ಬೆರಳು ಬಿದ್ದ ಸದ್ದು ಮಾತ್ರ.

ಗಾಯನಕ್ಕೂ ಇದೇ ಮಾತು ಸಲ್ಲುತ್ತದೆ. ಹಾಡುವವರ ಪಕ್ಕದಲ್ಲಿ ತಂಬೂರಿ ಮಿಡಿಯುತ್ತಿದ್ದರೆ ಅದು ಗಾಯಕರ ಮೈಕಿನಲ್ಲಿಯೂ ಇರುತ್ತದೆ. ಗೇಟ್ ಹಾಕಿದಿರೋ, ಸಾಹಿತ್ಯದ ಸಾಲು ಮುಗಿದ ಕೂಡಲೇ ತಂಬೂರಿಯ ಅರ್ಧ ಭಾಗ ಮಾಯವಾಗಿ, ಮುಂದಿನ ಸಾಲು ಬಂದಾಗ ಮತ್ತೆ ಪ್ರತ್ಯಕ್ಷವಾಗುತ್ತದೆ. ಕೇಳುಗರಿಗೆ ಕಾರಣ ತಿಳಿಯದಿದ್ದರೂ ಏನೋ ಅಲುಗಾಡುತ್ತಿದೆ ಎಂಬುದು ಖಂಡಿತ ತಿಳಿಯುತ್ತದೆ.

ಮೌನಿ_ಬೆಂಗಳೂರು

ನಾನು ಬೇರೆಯದೇ ಪ್ರಶ್ನೆ ಕೇಳುತ್ತೇನೆ, ಯಾರೂ ಬೇಸರಿಸಿಕೊಳ್ಳಬಾರದು. 2020ರ ದಶಕದಲ್ಲಿ ಹಾರ್ಡ್‌ವೇರ್ ಕಂಪ್ರೆಸರ್ ಏತಕ್ಕೆ? ಟೇಪಿನ ಕಾಲದಲ್ಲಿ ಮುದ್ರಿಸುವಾಗಲೇ ಕುಗ್ಗಿಸಬೇಕಾಗಿತ್ತು, ಏಕೆಂದರೆ ಕೆಳಗೆ ಟೇಪಿನ ಹಿಸ್ ಇತ್ತು, ಮೇಲೆ ಡಿಸ್ಟಾರ್ಶನ್ ಇತ್ತು, ನಡುವಿನ ಜಾಗ ಕಿರಿದಾಗಿತ್ತು. 16 ಬಿಟ್‌ನಲ್ಲಿ ಆ ಜಾಗ ಸುಮಾರು 96 ಡೆಸಿಬೆಲ್ ಆಯಿತು. 24 ಬಿಟ್‌ನಲ್ಲಿ ಲೆಕ್ಕಕ್ಕೆ 144 ಡೆಸಿಬೆಲ್ ಇದೆ. ಪರಿವರ್ತಕದ ಸರ್ಕ್ಯೂಟಿನ ಮಿತಿಯಿಂದ ಅಷ್ಟೂ ಸಿಗದಿದ್ದರೂ ಸಿಗುವುದೇ ಬೇಕಾದಷ್ಟಾಯಿತು. ಗಾಯಕರು ತಾರಸ್ಥಾಯಿಗೆ ಹೋದಾಗ ಕೆಂಪು ದೀಪ ಹೊತ್ತುತ್ತದೆ ಎಂದಾದರೆ ಪ್ರಿಆಂಪಿನ ಗೇನ್ 10 ಡೆಸಿಬೆಲ್ ಇಳಿಸಿದರೆ ಮುಗಿಯಿತು. ಅದಕ್ಕೆ ರ‍್ಯಾಕ್ ಯಂತ್ರ ಬೇಕಿಲ್ಲ.

ಇನ್ನು "ಹಾರ್ಡ್‌ವೇರ್‌ನಲ್ಲಿ ಬೆಚ್ಚನೆಯ ಧ್ವನಿ ಬರುತ್ತದೆ" ಎನ್ನುವವರು ದಯವಿಟ್ಟು ಎರಡೂ ಧ್ವನಿಗಳ ಮಟ್ಟವನ್ನು ಸರಿಯಾಗಿ ಹೊಂದಿಸಿ, ಯಾವುದು ಯಾವುದೆಂದು ನೋಡದೆ ಕೇಳಿ. ಒಂದು ಡೆಸಿಬೆಲ್ ಜೋರಾಗಿರುವುದು ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ, ಕುಗ್ಗಿಸಿದ ಮಟ್ಟವನ್ನು ಮತ್ತೆ ಏರಿಸುವ ಮೇಕಪ್ ಗೇನ್ ಎಂಬ ಗುಬುಟು ಇರುವುದೇ ನಮ್ಮನ್ನು ಹೀಗೆ ಮೋಸಗೊಳಿಸುವುದಕ್ಕೆ.

ಟಂಕಸಾಲೆ

ಮೌನಿಯವರೇ, ನಿಮ್ಮ ಮೊದಲ ಪ್ಯಾರಾ ಸರಿಯಾಗಿದೆ, ಎರಡನೆಯದು ಅರ್ಧ ಸರಿ. ಮಟ್ಟ ಮೀರಿ ಧ್ವನಿ ಒಡೆಯುವ ಕ್ಲಿಪ್ಪಿಂಗ್ ತಡೆಯುವುದಕ್ಕಾಗಿ ಯಾರೂ ಈಗ ಕಂಪ್ರೆಸರ್ ಕೊಳ್ಳುವುದಿಲ್ಲ. ಅದು ಯಾವ ರೀತಿಯಲ್ಲಿ ಕುಗ್ಗಿಸುತ್ತದೆ ಎಂಬುದಕ್ಕಾಗಿ ಕೊಳ್ಳುತ್ತಾರೆ.

ಎಲ್‌ಎ-2ಎ ಎಂಬ ಹಳೆಯ ಯಂತ್ರವನ್ನೇ ತೆಗೆದುಕೊಳ್ಳಿ. ಅದರೊಳಗೆ ಟಿ4 ಎಂಬ ಒಂದು ಡಬ್ಬಿ ಇದೆ. ಅದರಲ್ಲಿ ಧ್ವನಿಯ ಮಟ್ಟಕ್ಕೆ ತಕ್ಕಂತೆ ಬೆಳಗುವ ಫಲಕವೊಂದು ಮತ್ತು ಆ ಬೆಳಕು ಬಿದ್ದಾಗ ರೋಧ ಕಡಿಮೆಯಾಗುವ ಕೋಶವೊಂದು ಎದುರುಬದುರಾಗಿ ಕೂತಿವೆ. ಬೆಳಕು ಆರಿದ ಮೇಲೂ ಆ ಕೋಶವು ತಟ್ಟನೆ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಕುಗ್ಗಿದ್ದರಲ್ಲಿ ಅರ್ಧದಷ್ಟು ಸುಮಾರು 60 ಮಿಲಿಸೆಕೆಂಡ್‌ನಲ್ಲಿ ಬಿಡುಗಡೆಯಾದರೆ, ಉಳಿದರ್ಧಕ್ಕೆ ಅರ್ಧ ಸೆಕೆಂಡಿನಿಂದ ಐದು ಸೆಕೆಂಡಿನವರೆಗೂ ಹಿಡಿಯಬಹುದು, ಅದೂ ಮೊದಲು ಎಷ್ಟು ಹೊತ್ತು, ಎಷ್ಟು ಜೋರಾಗಿ ಹಾಡಲಾಗಿತ್ತು ಎಂಬುದರ ಮೇಲೆ. ಅಟ್ಯಾಕ್ (ಎಷ್ಟು ಬೇಗ ಕುಗ್ಗಿಸಬೇಕು) ಗುಬುಟಿಲ್ಲ, ರಿಲೀಸ್ (ಎಷ್ಟು ಬೇಗ ಬಿಡಬೇಕು) ಗುಬುಟಿಲ್ಲ, ಇರುವುದು ಗೇನ್ ಮತ್ತು ಪೀಕ್ ರಿಡಕ್ಷನ್ ಎರಡೇ. ದೀರ್ಘವಾದ ಆಲಾಪದ ಮೇಲೆ ಅದು ನಡೆದುಕೊಳ್ಳುವ ರೀತಿ ಬೇರೆಯೇ.

ಅದಕ್ಕೆ ತದ್ವಿರುದ್ಧವಾದುದು ಅಮೆರಿಕದ ಎಂಜಿನಿಯರ್ ಬಿಲ್ ಪುಟ್ನಮ್ ಅವರು 1967ರಲ್ಲಿ ಹೊರತಂದ 1176 ಎಂಬ ಕಂಪ್ರೆಸರ್. ಅದು ಎಫ್ಇಟಿ ಟ್ರಾನ್ಸಿಸ್ಟರಿನದು, ಅಟ್ಯಾಕ್ 20ರಿಂದ 800 ಮೈಕ್ರೊಸೆಕೆಂಡ್, ಅಂದರೆ ಅದರ ಅತಿ ನಿಧಾನದ ಅಟ್ಯಾಕ್ ಕೂಡ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ರಿಲೀಸ್ 50 ಮಿಲಿಸೆಕೆಂಡಿನಿಂದ 1.1 ಸೆಕೆಂಡ್. ಗುಬುಟುಗಳು ಬಲಕ್ಕೆ ತಿರುಗಿದಷ್ಟೂ ವೇಗ ಹೆಚ್ಚು, ಬೇರೆ ಯಂತ್ರಗಳಲ್ಲಿ ಪಳಗಿದವರ ಕೈ ಇಲ್ಲಿ ಅಡ್ಡದಾರಿ ಹಿಡಿಯುತ್ತದೆ. ಮೊದಲು 1176ರಲ್ಲಿ ಏಕಾಏಕಿ ಏರುವ ಶಿಖರಗಳನ್ನು ತಗ್ಗಿಸಿ, ಆಮೇಲೆ ಎಲ್‌ಎ-2ಎಯಲ್ಲಿ ಒಟ್ಟು ಮಟ್ಟವನ್ನು ನಯವಾಗಿಸುವುದು ಗಾಯನಕ್ಕೆ ಬಹಳ ಹಳೆಯ ಕ್ರಮ.

ಮೌನಿ_ಬೆಂಗಳೂರು

ಇವೆರಡಕ್ಕೂ ಪ್ಲಗಿನ್‌ಗಳಿವೆ, ಅದನ್ನೇ ನಾನು ಹೇಳುತ್ತಿರುವುದು. ಬೆಳಕಿನ ಕೋಶದ ಆ ಸೋಮಾರಿತನವನ್ನೂ ಅವು ಲೆಕ್ಕ ಹಾಕಿ ತೋರಿಸುತ್ತವೆ.

ಟಂಕಸಾಲೆ

ತೋರಿಸುತ್ತವೆ, ಒಪ್ಪಿದೆ. ಆದರೆ ಮಂದ್ರಸ್ಥಾಯಿಯವರ ಬಳಿ ಈಗಾಗಲೇ ಯಂತ್ರ ಇದೆ. ಅವರು ಕೇಳಿದ್ದು ಕೊಳ್ಳಬೇಕೆ ಎಂದಲ್ಲ, ಕೊಂಡದ್ದನ್ನು ಹೇಗೆ ಬಳಸಬೇಕು ಎಂದು.

ಪಡುವಣ_ಚೆಂಡೆ

ಉಡುಪಿ ಕಡೆಯ ಯಕ್ಷಗಾನ ಹಿಮ್ಮೇಳವನ್ನು ರಂಗದಲ್ಲೇ ಮುದ್ರಿಸುವವನು ನಾನು. ಗೇಟಿನ ವಿಷಯದಲ್ಲಿ ನನ್ನ ಅನುಭವವನ್ನು ಸೇರಿಸುತ್ತೇನೆ. ಭಾಗವತರ ಮೈಕಿಗೆ ಚೆಂಡೆ ನುಗ್ಗುತ್ತದೆ ಎಂದು ಆ ಮೈಕಿಗೆ ಗೇಟ್ ಹಾಕಿದರೆ ಆಗುವುದು ಉಲ್ಟಾ. ಚೆಂಡೆಯ ಉರುಳಿಕೆ ಭಾಗವತರ ಮೈಕಿನಲ್ಲಿಯೂ ಅವರ ದನಿಗಿಂತ ಜೋರಾಗಿಯೇ ಬಂದಿರುತ್ತದೆ, ಹೀಗಾಗಿ ಚೆಂಡೆಗೆ ಗೇಟ್ ತೆರೆಯುತ್ತದೆ, ಭಾಗವತರು ಮೆಲುದನಿಯಲ್ಲಿ ಎತ್ತುಗಡೆ ಮಾಡುವಾಗ ಮುಚ್ಚಿಕೊಳ್ಳುತ್ತದೆ! ಥ್ರೆಶೋಲ್ಡ್ ಎಂಬುದು ಜೋರಾಗಿರುವುದನ್ನು ಗುರುತಿಸುತ್ತದೆಯೇ ಹೊರತು ಯಾರ ಧ್ವನಿ ಎಂದು ಗುರುತಿಸುವುದಿಲ್ಲ.

ಡ್ರಾಮರ್ ಡಿಎಸ್201 ಮಾದರಿಯ ಗೇಟುಗಳಲ್ಲಿ ಇದಕ್ಕೊಂದು ಭಾಗಶಃ ಪರಿಹಾರವಿದೆ. ಗೇಟ್ ಯಾವ ಸದ್ದನ್ನು ಕೇಳಿ ತೆರೆಯಬೇಕು ಎಂಬ ದಾರಿಯಲ್ಲಿ ಮಾತ್ರ ಎರಡು ಫಿಲ್ಟರ್‌ಗಳು ಇರುತ್ತವೆ, ಕೇಳುಗರಿಗೆ ಹೋಗುವ ಧ್ವನಿಯನ್ನು ಅವು ಮುಟ್ಟುವುದಿಲ್ಲ. ಕೀ ಲಿಸನ್ ಒತ್ತಿ ಆ ದಾರಿಯ ಸದ್ದನ್ನೇ ಕೇಳುತ್ತ, ಬೇಡದ್ದು ಆದಷ್ಟು ಕಡಿಮೆಯಾಗಿ ಬೇಕಾದದ್ದು ಎದ್ದು ಕಾಣುವವರೆಗೆ ಫಿಲ್ಟರ್‌ಗಳನ್ನು ಕಿರಿದಾಗಿಸಬೇಕು. ಮದ್ದಳೆಯ ಮೈಕಿಗೆ ಇದು ನನಗೆ ಕೆಲಸಕ್ಕೆ ಬಂದಿದೆ. ಭಾಗವತಿಕೆಗೆ ಬಂದಿಲ್ಲ, ಅಲ್ಲಿ ಮೈಕನ್ನು ಬಾಯಿಗೆ ಹತ್ತಿರ ತರುವುದು, ಮೈಕಿನ ಬೆನ್ನನ್ನು ಚೆಂಡೆಯ ಕಡೆ ತಿರುಗಿಸುವುದು ಬಿಟ್ಟು ಬೇರೆ ಉಪಾಯ ನನಗೆ ಕಂಡಿಲ್ಲ.

ಶ್ರುತಿಪೆಟ್ಟಿಗೆ

ಚೆಂಡೆಯವರ ಕೊನೆಯ ವಾಕ್ಯವನ್ನು ಧ್ವನಿಮುದ್ರಣ ಕೋಣೆಗಳ ಗೋಡೆಯ ಮೇಲೆ ಬರೆಸಬೇಕು.

ಬೆಸುಗೆಕಡ್ಡಿ

ಮಂದ್ರಸ್ಥಾಯಿಯವರ "ಪಟಪಟ"ಕ್ಕೆ ಬರೋಣ. ಧ್ವನಿಯ ಮಟ್ಟವು ಥ್ರೆಶೋಲ್ಡಿನ ಆಚೀಚೆ ತೂಗಾಡುವಾಗ ಗೇಟ್ ಏನು ಮಾಡಬೇಕೆಂದು ತಿಳಿಯದೆ ತೆರೆದು ಮುಚ್ಚುತ್ತಿರುತ್ತದೆ. ಒಳ್ಳೆಯ ಗೇಟುಗಳಲ್ಲಿ ತೆರೆಯುವ ಮಟ್ಟಕ್ಕಿಂತ ಮುಚ್ಚುವ ಮಟ್ಟ ಕೆಲವು ಡೆಸಿಬೆಲ್ ಕೆಳಗಿರುತ್ತದೆ, ಇಲ್ಲವೇ ತೆರೆದ ಗೇಟನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿಡುವ ಹೋಲ್ಡ್ ಎಂಬ ಗುಬುಟು ಇರುತ್ತದೆ. ಮೃದಂಗದ ಎಡಗಡೆಯ ಕೆಳಸ್ವರಕ್ಕೆ ಇದು ಬಹಳ ಮುಖ್ಯ. 80 ಹರ್ಟ್ಸ್ ಧ್ವನಿಯ ಒಂದು ಅಲೆಗೆ 12.5 ಮಿಲಿಸೆಕೆಂಡ್ ಬೇಕು. ನಿಮ್ಮ ರಿಲೀಸ್ 5 ಮಿಲಿಸೆಕೆಂಡ್ ಇದ್ದರೆ ಗೇಟ್ ಒಂದೇ ಅಲೆಯ ಒಳಗೆ ಮುಚ್ಚಲು ಹೊರಟು ಮತ್ತೆ ತೆರೆಯುತ್ತದೆ, ಅದೇ ನಿಮಗೆ ಕೇಳಿಸುತ್ತಿರುವ ಕರಕರ. ಕಂಪ್ರೆಸರ್‌ನಲ್ಲಿಯೂ ಅತಿ ವೇಗದ ಅಟ್ಯಾಕ್ ಮತ್ತು ರಿಲೀಸ್ ಇಟ್ಟರೆ ಕೆಳಸ್ವರಗಳು ಇದೇ ಕಾರಣಕ್ಕೆ ಒಡೆಯುತ್ತವೆ.

ಹೀಗೆ ಮಾಡಿ ನೋಡಿ. ರೇಂಜ್ ಗುಬುಟು ಇದ್ದರೆ ಪೂರ್ತಿ ಮುಚ್ಚುವ ಬದಲು 6ರಿಂದ 10 ಡೆಸಿಬೆಲ್ ಮಾತ್ರ ಇಳಿಯುವಂತೆ ಇಡಿ, ಹೋಲ್ಡ್ ಉದ್ದವಾಗಿರಲಿ, ರಿಲೀಸ್ ಅರ್ಧ ಸೆಕೆಂಡಿಗೆ ಕಡಿಮೆ ಬೇಡ. ಫ್ಯಾನಿನ ಸದ್ದು ಮಾಯವಾಗುವುದಿಲ್ಲ, ಆದರೆ ಹಿಂದೆ ಸರಿಯುತ್ತದೆ, ಗುಮ್ಕಿ ಉಳಿಯುತ್ತದೆ. ಅಟ್ಯಾಕನ್ನೂ ತೀರ ಕಡಿಮೆ ಮಾಡಬೇಡಿ, ಕೆಳಸ್ವರದ ನಡುವೆ ಗೇಟ್ ಥಟ್ಟನೆ ತೆರೆದರೆ ಟಿಕ್ ಎಂಬ ಸದ್ದು ಹುಟ್ಟುತ್ತದೆ. ಇಷ್ಟೆಲ್ಲಾ ಮಾಡುವ ಬದಲು ಮುದ್ರಣದ ಹೊತ್ತಿನಲ್ಲಿ ಫ್ಯಾನ್ ಆರಿಸಬಹುದಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: ಏಪ್ರಿಲ್ ತಿಂಗಳಿನಲ್ಲಿ ಆರಿಸಿ ತೋರಿಸಿ.

ಕಡಲಾಚೆಯ_ಕಿವಿ

ಅಮೆರಿಕದಿಂದ ನಮಸ್ಕಾರ. ಮೃದಂಗಕ್ಕೆ ಗೇಟ್ ಹಾಕಲೇಬೇಕು ಎಂದಾದರೆ ಮಿಕ್ಸಿಂಗ್ ಹೊತ್ತಿನಲ್ಲಿ ಮಾಡಬಹುದಾದ ಹಳೆಯ ಯುಕ್ತಿಯೊಂದಿದೆ. ಮೃದಂಗದ ಟ್ರ್ಯಾಕಿನ ನಕಲೊಂದನ್ನು ಮಾಡಿ, ಅದನ್ನು ಕೆಲವು ಮಿಲಿಸೆಕೆಂಡ್ ಮುಂಚಿತವಾಗಿ ಬರುವಂತೆ ಸರಿಸಿ, ಆ ನಕಲನ್ನು ಗೇಟಿನ ಹೊರಗಿನ ಕೀ ಇನ್‌ಪುಟ್ಟಿಗೆ (ಯಾವಾಗ ತೆರೆಯಬೇಕೆಂದು ಗೇಟಿಗೆ ತಿಳಿಸುವ ದಾರಿಗೆ) ಮಾತ್ರ ಕಳಿಸಿ. ಹೊಡೆತ ಬರುವ ಮೊದಲೇ ಗೇಟ್ ತೆರೆದುಕೊಂಡಿರುವುದರಿಂದ ನಿಧಾನದ ಅಟ್ಯಾಕ್ ಇಟ್ಟರೂ ಹೊಡೆತದ ಅಂಚು ಕಳೆದುಹೋಗುವುದಿಲ್ಲ, ಟಿಕ್ ಸದ್ದೂ ಬರುವುದಿಲ್ಲ. ನೇರ ಮುದ್ರಣದಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಡ್ರಮ್ಮಿನ ಮೈಗೆ ಪೀಜೊ (ಕಂಪನ ಹಿಡಿಯುವ ಸಣ್ಣ ಬಿಲ್ಲೆ) ಅಂಟಿಸಿ ಅದನ್ನು ಕೀಗೆ ಕೊಡುವವರಿದ್ದಾರೆ.

ಶ್ರುತಿಪೆಟ್ಟಿಗೆ

ಹಲಸಿನ ಮರದ ಮೃದಂಗಕ್ಕೆ ಟೇಪು ಅಂಟಿಸುತ್ತೇನೆ ಎಂದು ವಿದ್ವಾಂಸರಿಗೆ ಹೇಳುವ ಧೈರ್ಯ ನಿಮಗಿದೆಯೇ ಸ್ವಾಮಿ?

ಕಡಲಾಚೆಯ_ಕಿವಿ

ಇಲ್ಲ. ಆದ್ದರಿಂದಲೇ ಟ್ರ್ಯಾಕಿನ ನಕಲಿನ ಯುಕ್ತಿಯನ್ನು ಮೊದಲು ಹೇಳಿದೆ.

ಗಮಕಪ್ರಿಯೆ

ಹಾಡುವವಳಾಗಿ ನನ್ನ ಎರಡು ಮಾತು. ಮುದ್ರಿಸುವಾಗ ಕಂಪ್ರೆಸರ್ ಹಾಕಿದ್ದನ್ನೇ ಹೆಡ್‌ಫೋನಿನಲ್ಲಿ ಕೇಳಿಸಿದರೆ ನಾವು ಹಾಡುವ ರೀತಿಯೇ ಬದಲಾಗುತ್ತದೆ. ಮೆಲ್ಲಗೆ ಹಾಡಿದರೂ ಜೋರಾಗಿ ಕೇಳಿಸುತ್ತದೆ, ಬಿಟ್ಟು ಹಾಡಿದರೂ ಅಷ್ಟೇ ಕೇಳಿಸುತ್ತದೆ, ಆಗ ಕೆಲವರು ಅನಗತ್ಯವಾಗಿ ತಳ್ಳಿ ಹಾಡುತ್ತಾರೆ, ಕೆಲವರು ದನಿಯನ್ನೇ ಬಿಡುವುದಿಲ್ಲ. ಹಿತಮಿತವಾಗಿದ್ದರೆ ಮಾತ್ರ ಧೈರ್ಯ ಬರುತ್ತದೆ ಎಂಬುದೂ ನಿಜ. ಭಾವಗೀತೆಯಲ್ಲಿ ಉಸುರಿದಂತೆ ಹಾಡುವ ಸಾಲು ನನಗೇ ಕೇಳದಿದ್ದರೆ ಶ್ರುತಿ ಜಾರುತ್ತದೆ.

ಇನ್ನೊಂದು ದೂರು ಇದೆ. ನಗರದ ಒಂದು ಸ್ಟುಡಿಯೋದಲ್ಲಿ ನನ್ನ ದನಿಗೆ ಎಷ್ಟು ಬಿಗಿಯಾಗಿ ಕಂಪ್ರೆಸರ್ ಹಾಕಿ ಮುದ್ರಿಸಿದ್ದರೆಂದರೆ ನಾನು ಉಸಿರು ತೆಗೆದುಕೊಳ್ಳುವ ಸದ್ದು ಪಲ್ಲವಿಯಷ್ಟೇ ಜೋರಾಗಿ ಬಂದಿತ್ತು. ಸರಿಪಡಿಸಿ ಎಂದರೆ "ಹಾಗೇ ಮುದ್ರಣವಾಗಿದೆ ಮೇಡಂ, ಈಗ ಏನೂ ಮಾಡಲಾಗದು" ಎಂದರು. ಯಂತ್ರ ಇದೆ ಎಂದು ಎಲ್ಲವನ್ನೂ ಅದರೊಳಗೆ ತೂರಿಸುವ ಮೊದಲು ಹಾಡುವವರನ್ನು ಒಂದು ಮಾತು ಕೇಳಿ.

ಟಂಕಸಾಲೆ

ಮೇಡಂ ಹೇಳಿದ್ದಕ್ಕೆ ಲೆಕ್ಕದ ಕಾರಣ ಇದೆ. ಥ್ರೆಶೋಲ್ಡಿನಿಂದ 12 ಡೆಸಿಬೆಲ್ ಮೇಲೆ ಹೋದ ದನಿಯನ್ನು 4:1 ಅನುಪಾತವು 3 ಡೆಸಿಬೆಲ್‌ಗೆ ಇಳಿಸುತ್ತದೆ, ಅಂದರೆ 9 ಡೆಸಿಬೆಲ್ ಕಡಿತ. ಆ 9ನ್ನು ಮೇಕಪ್ ಗೇನ್‌ನಲ್ಲಿ ಮರಳಿ ಕೊಟ್ಟಾಗ ಥ್ರೆಶೋಲ್ಡಿನ ಕೆಳಗಿದ್ದ ಉಸಿರು, ಫ್ಯಾನು, ಇನ್ವರ್ಟರಿನ ಗುಂಯ್, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲವೂ 9 ಡೆಸಿಬೆಲ್ ಮೇಲೇರುತ್ತವೆ. ಎರಡನ್ನೂ ಬಳಸುವುದಾದರೆ ಗೇಟ್ ಮೊದಲು, ಕಂಪ್ರೆಸರ್ ನಂತರ ಎಂದು ಹೇಳುವುದು ಇದಕ್ಕಾಗಿಯೇ, ಕಂಪ್ರೆಸರ್ ಆದ ಮೇಲೆ ಬೇಕಾದ ಸದ್ದಿಗೂ ಬೇಡದ ಸದ್ದಿಗೂ ನಡುವೆ ಗೇಟಿಗೆ ಗುರುತಿಸಲು ಅಂತರವೇ ಉಳಿದಿರುವುದಿಲ್ಲ.

ತಂಬೂರಿಯ ಜೊತೆ ಹಾಡುವಾಗ ರಿಲೀಸ್ ವೇಗವಾಗಿದ್ದರೆ ಪ್ರತಿ ಸಾಲಿನ ಕೊನೆಯಲ್ಲಿ ತಂಬೂರಿ ಉಬ್ಬಿ ಬರುವುದೂ ಇದೇ ಕಾರಣಕ್ಕೆ. ಮುದ್ರಿಸುವಾಗ 2:1 ಅನುಪಾತ, ಅತಿ ಜೋರಾದ ಕಡೆ 3 ಡೆಸಿಬೆಲ್ ಕಡಿತ, ಇಷ್ಟನ್ನು ದಾಟಬೇಡಿ ಎಂಬುದು ನನ್ನ ಸಲಹೆ.

ಮೌನಿ_ಬೆಂಗಳೂರು

3 ಡೆಸಿಬೆಲ್‌ಗಾಗಿ ಒಂದು ರ‍್ಯಾಕ್, ನಾಲ್ಕು ಕೇಬಲ್, ಒಂದು ಪವರ್ ಪಾಯಿಂಟ್. ಚೆನ್ನಾಗಿದೆ.

ಪಡುವಣ_ಚೆಂಡೆ

ಮೌನಿಯವರೇ, ರಂಗಸ್ಥಳದಲ್ಲಿ ಲ್ಯಾಪ್‌ಟಾಪ್ ಹ್ಯಾಂಗ್ ಆದಾಗ ನಿಮ್ಮನ್ನು ಕರೆಯುತ್ತೇವೆ, ಬೆಳಗಿನ ಜಾವ ಮೂರು ಗಂಟೆಗೆ, ಗದಾಯುದ್ಧದ ನಡುವೆ.

ಬೆಸುಗೆಕಡ್ಡಿ

ಜಗಳ ಸಾಕು, ಪ್ರಶ್ನೆಯ ಎರಡನೆಯ ಭಾಗಕ್ಕೆ ಯಾರೂ ಉತ್ತರಿಸಿಲ್ಲ. ಮಿಕ್ಸಿಂಗ್ ಹೊತ್ತಿನಲ್ಲಿ ಹೊರಗೆ ಕಳಿಸಿ ವಾಪಸು ತರುವಾಗ ಮುಖ್ಯ ತೊಂದರೆ ವಿಳಂಬ. 44.1 ಕಿಲೊಹರ್ಟ್ಸ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ಹಿಡಿದಿಡುವ ಧ್ವನಿಯ ತುಣುಕು) 128 ಸ್ಯಾಂಪಲ್ ಇದ್ದರೆ ಒಂದು ದಿಕ್ಕಿಗೆ 2.9 ಮಿಲಿಸೆಕೆಂಡ್, ಹೋಗಿ ಬರಲು ಅದರ ಎರಡರಷ್ಟು, ಮೇಲೆ ಪರಿವರ್ತಕದ ವಿಳಂಬ. ಕ್ಯೂಬೇಸ್, ಲಾಜಿಕ್, ರೀಪರ್ ಈ ಮೂರೂ ಮುದ್ರಣ ತಂತ್ರಾಂಶಗಳಲ್ಲಿ ಹೊರಗಿನ ಯಂತ್ರವನ್ನು ಸೇರಿಸಲು ಪ್ರತ್ಯೇಕ ಪ್ಲಗಿನ್ ಅಥವಾ ಜೋಡಣೆ ಇದೆ. ಅದು ಒಂದು ಸಣ್ಣ ಟಿಕ್ ಕಳಿಸಿ ವಾಪಸು ಬಂದ ಹೊತ್ತನ್ನು ಅಳೆದು ಸರಿದೂಗಿಸುತ್ತದೆ. ಅಳೆಯುವಾಗ ಕಂಪ್ರೆಸರನ್ನು ಬೈಪಾಸ್‌ನಲ್ಲಿಡಿ, ಗೇಟನ್ನು ತೆರೆದಿಡಿ. ಬಫರ್ ಬದಲಿಸಿದಾಗಲೆಲ್ಲ ಮತ್ತೆ ಅಳೆಯಿರಿ. ಮೂಲ ಧ್ವನಿಯನ್ನೂ ಕುಗ್ಗಿಸಿದ್ದನ್ನೂ ಬೆರೆಸುವ ಪ್ಯಾರಲಲ್ ಕ್ರಮಕ್ಕೆ ಇದು ಬಹಳ ಮುಖ್ಯ, ಒಂದೇ ಮಿಲಿಸೆಕೆಂಡ್ ತಪ್ಪಿದರೂ 500 ಹರ್ಟ್ಸ್‌ನಲ್ಲಿ ಗುಂಡಿ ಬೀಳುತ್ತದೆ, ಅದರ ಮೇಲೆ 1500, 2500 ಹೀಗೆ ಸಾಲಾಗಿ.

ಮಟ್ಟದ ವಿಷಯ ಇನ್ನೊಂದು. ಯಂತ್ರದ ಹಿಂದೆ +4 ಮತ್ತು -10 ಎಂಬ ಸ್ವಿಚ್ ಇದ್ದರೆ ಇಂಟರ್‌ಫೇಸಿಗೆ ಹೊಂದುವುದನ್ನೇ ಆರಿಸಿ, ಇವೆರಡರ ನಡುವೆ ಸುಮಾರು 12 ಡೆಸಿಬೆಲ್ ವ್ಯತ್ಯಾಸವಿದೆ. ಎಷ್ಟು ತಿರುಗಿಸಿದರೂ ಮೀಟರಿನ ದೀಪ ಹೊತ್ತುವುದಿಲ್ಲ ಎಂದು ದೂರುವವರಲ್ಲಿ ಹಲವರ ಸಮಸ್ಯೆ ಈ ಸ್ವಿಚ್ಚೇ.

ಕಡಲಾಚೆಯ_ಕಿವಿ

ಸೆಕೆಂಡ್‌ಹ್ಯಾಂಡ್ ಎಂದಿದ್ದೀರಿ. ಅದು ಅಮೆರಿಕದಿಂದ ಬಂದ ಯಂತ್ರವಾಗಿದ್ದರೆ ಹಿಂಬದಿಯ ವೋಲ್ಟೇಜ್ ಸ್ವಿಚ್ 230ಕ್ಕೆ ಇದೆಯೇ ಎಂದು ನೋಡಿಯೇ ಪ್ಲಗ್ ಚುಚ್ಚಿ. 115ರಲ್ಲಿ ಇದ್ದರೆ ಒಳ್ಳೆಯ ದಿನವಾದರೆ ಫ್ಯೂಸ್ ಹೋಗುತ್ತದೆ, ಕೆಟ್ಟ ದಿನವಾದರೆ ಟ್ರಾನ್ಸ್‌ಫಾರ್ಮರೇ ಹೋಗುತ್ತದೆ. 230ಕ್ಕೆ ಬದಲಿಸಿದಾಗ ಫ್ಯೂಸನ್ನೂ ಮೊದಲಿದ್ದುದರ ಸುಮಾರು ಅರ್ಧದಷ್ಟು ಆಂಪಿಯರಿನದಕ್ಕೆ ಬದಲಿಸಬೇಕು, ಹಿಂಬದಿಯಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ.

ಬೆಸುಗೆಕಡ್ಡಿ

ಸರಿಯಾದ ಮಾತು. ಯಂತ್ರ ಸೇರಿಸಿದ ಮೇಲೆ 50 ಹರ್ಟ್ಸ್ ಗುಂಯ್ ಶುರುವಾಯಿತೆಂದು ಪವರ್ ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕುವವರನ್ನು ನಾನು ಬಲ್ಲೆ. ಅದು ಜೀವಕ್ಕೆ ಅಪಾಯ. ಎಲ್ಲ ಯಂತ್ರಗಳನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ, ಬ್ಯಾಲೆನ್ಸ್ಡ್ ಕೇಬಲ್ ಬಳಸಿ, ಆಗಲೂ ಹೋಗದಿದ್ದರೆ ಆಡಿಯೊ ಕೇಬಲ್ಲಿನ ಶೀಲ್ಡನ್ನು ಒಂದು ತುದಿಯಲ್ಲಿ ಬಿಡಿಸಿ.

ರಾಗಿಮುದ್ದೆ_ರಾಕ್

ಎಲ್ಲರೂ ಗೇಟನ್ನು ಬೈಯುತ್ತಿದ್ದೀರಿ. ಗೇಟನ್ನು ಸದ್ದು ಅಡಗಿಸುವುದಕ್ಕಲ್ಲದೆ ಸದ್ದು ಕಟ್ಟುವುದಕ್ಕೂ ಬಳಸಬಹುದು ಎಂಬುದನ್ನು ಯಾರೂ ಹೇಳಲಿಲ್ಲ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಪೀಟರ್ ಗೇಬ್ರಿಯಲ್ ಅವರ 1980ರ ಆಲ್ಬಮ್ಮಿನ ಕೆಲಸ ನಡೆಯುವಾಗ ಫಿಲ್ ಕಾಲಿನ್ಸ್ ಡ್ರಮ್ಸ್ ನುಡಿಸುತ್ತಿದ್ದರು, ಹ್ಯೂ ಪ್ಯಾಡ್‌ಗಮ್ ಎಂಜಿನಿಯರ್ ಆಗಿದ್ದರು. ಕಲಾವಿದರ ಮಾತು ಕಂಟ್ರೋಲ್ ರೂಮಿಗೆ ಕೇಳಿಸಲೆಂದು ಮೇಲೆ ತೂಗುಹಾಕಿದ್ದ ಮೈಕಿಗೆ ಎಸ್‌ಎಸ್‌ಎಲ್ ಕಂಪನಿಯ ಮಿಕ್ಸಿಂಗ್ ಕನ್ಸೋಲಿನಲ್ಲಿ ಅತಿ ಬಿಗಿಯಾದ ಕಂಪ್ರೆಸರ್ ಇತ್ತು. ಆ ಮೈಕಿನಲ್ಲಿ ಡ್ರಮ್ಮಿನ ಸದ್ದು ದೈತ್ಯಾಕಾರವಾಗಿ ಕೇಳಿದ್ದನ್ನು ಗಮನಿಸಿ, ಅದನ್ನು ಮುದ್ರಿಸಿಕೊಳ್ಳುವ ಏರ್ಪಾಡು ಮಾಡಿ, ಮೇಲೆ ಗೇಟ್ ಹಾಕಿದರು. ಕೋಣೆಯ ಮೊಳಗು ದೊಡ್ಡದಾಗಿ ಬಂದು ಥಟ್ಟನೆ ನಿಲ್ಲುತ್ತದೆ. 1980ರ ದಶಕದ ಅರ್ಧದಷ್ಟು ಡ್ರಮ್ ಸದ್ದು ಹುಟ್ಟಿದ್ದು ಅಲ್ಲಿಂದ.

ಶ್ರುತಿಪೆಟ್ಟಿಗೆ

ಅದನ್ನು ಕೀರ್ತನೆಗೆ ಹಾಕಬೇಡಿ, ಅಷ್ಟೇ ನನ್ನ ವಿನಂತಿ.

ಟಂಕಸಾಲೆ

ಮೃದಂಗಕ್ಕೆ ಗೇಟಿಗಿಂತ ಕಂಪ್ರೆಸರೇ ಹೆಚ್ಚು ಉಪಕಾರಿ, ಅದರಲ್ಲೂ ಅಟ್ಯಾಕ್ ಗುಬುಟು. ಬಲಗಡೆಯ ಚಾಪು ನುಡಿಸಲು ಹೇಳಿ, 4:1 ಇಟ್ಟು, ಸುಮಾರು 6 ಡೆಸಿಬೆಲ್ ಕಡಿತ ಬರುವಂತೆ ಮಾಡಿಕೊಂಡು, ಅಟ್ಯಾಕನ್ನು ಮಾತ್ರ ತಿರುಗಿಸುತ್ತ ಕೇಳಿ. 1 ಮಿಲಿಸೆಕೆಂಡಿನಲ್ಲಿ ಬೆರಳಿನ ಹೊಡೆತ ಮೊಂಡಾಗಿ ವಾದ್ಯ ಹಿಂದೆ ಸರಿದಂತಾಗುತ್ತದೆ. 20-30 ಮಿಲಿಸೆಕೆಂಡಿಗೆ ಬಂದಾಗ ಹೊಡೆತ ಪೂರ್ತಿ ದಾಟಿದ ಮೇಲೆ ಕಡಿತ ಆರಂಭವಾಗುವುದರಿಂದ ಹೊಡೆತ ಮುಂದೆ ಬರುತ್ತದೆ. ಈಗ ರಿಲೀಸನ್ನು ಮುಂದಿನ ಹೊಡೆತದೊಳಗೆ ಮೀಟರು ಮರಳಿ ಸೊನ್ನೆಗೆ ಬರುವಷ್ಟು ಇಡಿ, ನಾದದ ಬಾಲ ತಾನಾಗಿ ಎದ್ದು ಬರುತ್ತದೆ. ತನಿ ಆವರ್ತನದ ಕೊನೆಯ ಮೊಹರಾ, ಕೋರ್ವೈಗಳಲ್ಲಿ ಹೊಡೆತಗಳು ಎಡೆಬಿಡದೆ ಬರುವಾಗ ಮಾತ್ರ ಮೀಟರು ಸೊನ್ನೆಗೆ ಬರುವುದೇ ಇಲ್ಲ, ಅಲ್ಲಿ ಥ್ರೆಶೋಲ್ಡನ್ನು ಕೈಯಲ್ಲೇ ಏರಿಸಬೇಕು. ಇದನ್ನೆಲ್ಲ ಮುದ್ರಿಸಿದ ನಂತರವೇ ಮಾಡಿ.

ತಂಬೂರಿ ಅಥವಾ ಕೋಣೆಯ ಎರಡು ಮೈಕುಗಳನ್ನು ಈ ಯಂತ್ರದ ಮೂಲಕ ಕಳಿಸುವುದಾದರೆ ಸ್ಟೀರಿಯೊ ಲಿಂಕ್ ಒತ್ತುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಒಂದು ಬದಿ ಕುಗ್ಗಿದಾಗಲೆಲ್ಲ ಧ್ವನಿಯ ನಡುಭಾಗ ಇನ್ನೊಂದು ಬದಿಗೆ ವಾಲುತ್ತದೆ.

ಮಂದ್ರಸ್ಥಾಯಿ_ಮೈಸೂರು

ಎಲ್ಲರಿಗೂ ಧನ್ಯವಾದಗಳು. ವೋಲ್ಟೇಜ್ ಸ್ವಿಚ್ ನೋಡಿದೆ, 230ರಲ್ಲಿಯೇ ಇದೆ. ಹೋಲ್ಡ್ ಗುಬುಟು ನನ್ನ ಯಂತ್ರದಲ್ಲಿಲ್ಲ, ರೇಂಜ್ ಕೂಡ ಇಲ್ಲ, ಇರುವುದು ಥ್ರೆಶೋಲ್ಡ್ ಮತ್ತು ರಿಲೀಸ್ ಅಷ್ಟೇ. ಹಾಗಾಗಿ ಮೃದಂಗದ ಚಾನೆಲ್‌ನಲ್ಲಿ ಗೇಟನ್ನು ಬಂದ್ ಮಾಡಿದ್ದೇನೆ. ಗಾಯನಕ್ಕೆ ಒಂದು ಯೋಚನೆ ಇದೆ: ನನ್ನ ಇಂಟರ್‌ಫೇಸಿನಲ್ಲಿ ಎಂಟು ಇನ್‌ಪುಟ್ ಇವೆ, ಪ್ರಿಆಂಪಿನ ಲೈನ್ ಔಟನ್ನು ಎರಡಾಗಿ ಸೀಳಿ, ಒಂದನ್ನು ನೇರವಾಗಿ, ಇನ್ನೊಂದನ್ನು ಕಂಪ್ರೆಸರ್ ಮೂಲಕ, ಎರಡನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿದರೆ ಹೇಗೆ?

ಬೆಸುಗೆಕಡ್ಡಿ

ಧಾರಾಳವಾಗಿ ಮಾಡಬಹುದು. ಲೈನ್ ಮಟ್ಟದಲ್ಲಿ ಒಂದು ಔಟನ್ನು ಎರಡು ಇನ್‌ಪುಟ್ಟಿಗೆ ಕೊಟ್ಟರೆ ತೊಂದರೆಯಿಲ್ಲ. ಎರಡು ಔಟನ್ನು ಒಂದು ಇನ್‌ಪುಟ್ಟಿಗೆ ಮಾತ್ರ ಸೇರಿಸಬೇಡಿ. ನೇರ ಟ್ರ್ಯಾಕಿನ ಗೇನ್ ತುಸು ಕಡಿಮೆಯೇ ಇರಲಿ.

ಗಮಕಪ್ರಿಯೆ

ಹೆಡ್‌ಫೋನಿಗೆ ಯಾವುದನ್ನು ಕೊಡುವಿರಿ?

ಮಂದ್ರಸ್ಥಾಯಿ_ಮೈಸೂರು

ಎರಡನ್ನೂ ಎರಡು ಫೇಡರಿನಲ್ಲಿ ಇಟ್ಟು, ಹಾಡುವವರನ್ನೇ ಕೇಳುತ್ತೇನೆ ಮೇಡಂ.

ಮೌನಿ_ಬೆಂಗಳೂರು

ನೇರ ಟ್ರ್ಯಾಕ್ ಇರುತ್ತದೆ ಎಂದಮೇಲೆ ನನ್ನ ಆಕ್ಷೇಪವೂ ಇಲ್ಲ. ಅದಕ್ಕೆ ಪ್ಲಗಿನ್ ಹಾಕಿ, ಯಂತ್ರದ ಟ್ರ್ಯಾಕಿನ ಜೊತೆ ಮಟ್ಟ ಹೊಂದಿಸಿ, ಎರಡು ತುಣುಕುಗಳನ್ನು ಹೆಸರಿಲ್ಲದೆ ಇಲ್ಲಿ ಹಾಕಿ. ಯಾವುದು ಯಾವುದೆಂದು ಟಂಕಸಾಲೆಯವರು ಹೇಳಲಿ.

ಟಂಕಸಾಲೆ

ಹಾಕಿ, ಹೇಳುತ್ತೇನೆ. ಎಂಪಿ3 ಬೇಡ, ವೇವ್ ಫೈಲೇ ಇರಲಿ.